ಅಮ್ಮನ ಕೆಂಪು ಬೀಗ

“ಆ ಬೀಗ ಒಡೆದು ಬಿಸಾಕ್ರೀ ಗೌಂಡರ್! ಬೆಳಿಗ್ಗೆಯಿಂದ ಕಬ್ಬು ಒಣಗ್ತಾ ಇದೆ!” ಲಾರಿ ಡ್ರೈವರ್ ಸೈರುಸಿ ಕೂಗಿದ.

ಸಕ್ಕರೆ ಮಿಲ್ಲಿನ ಗೇಟಿನಿಂದ ಶುರುವಾದ ಲಾರಿಗಳ ಸಾಲು ಹೊಳೆಯ ಸೇತುವೆಯನ್ನೂ ದಾಟಿತ್ತು. ಕಬ್ಬು ಅರೆಯುವ ದೊಡ್ಡ ರೋಲರುಗಳು ಗಪ್‌ಚುಪ್. ಅವುಗಳ ಸ್ವಿಚ್ಚಿನ ಮೇಲೆ ಒಂದೇ ಒಂದು ಕೆಂಪು ಬೀಗ ನೇತಾಡುತ್ತಿತ್ತು. ಬೀಗದ ಮೇಲೆ ವಸೀತಿಯ ಅಮ್ಮನ ಫೋಟೊ, ಕೆಳಗೆ ‘ಉನೈಸಿ, ಫಿಟ್ಟರ್’ ಎಂದು ಹೆಸರು.

ರಿಪೇರಿಗೆ ಒಳಗೆ ಇಳಿಯುವವರೆಲ್ಲ ಸ್ವಿಚ್ಚಿಗೆ ತಮ್ಮ ತಮ್ಮ ಬೀಗ ಹಾಕಿಯೇ ಇಳಿಯಬೇಕು; ಒಂದು ಬೀಗ ಉಳಿದರೂ ರೋಲರು ತಿರುಗುವುದಿಲ್ಲ. ರಾತ್ರಿಯ ರಿಪೇರಿ ಮುಂಜಾನೆ ಮುಗಿದಾಗ ಉಳಿದ ಮೂವರು ಬೀಗ ತೆಗೆದುಕೊಂಡು ಹೋಗಿದ್ದರು. ಅಮ್ಮ ಮಾತ್ರ ನಿದ್ದೆಗಣ್ಣಿನಲ್ಲಿ ಮರೆತು, ಮನೆಗೆ ಬಂದು ಮಲಗಿದ್ದಳು.

ಇನ್ನು ಕೀ? ಅದು ವಸೀತಿಯ ಸ್ಕೂಲ್ ಬ್ಯಾಗಿನಲ್ಲಿತ್ತು! ಕೀ ಕಂಡರೆ ಸಾಕು, ಈ ಹುಡುಗಿಯ ಕೈ ಸುಮ್ಮನಿರುವುದಿಲ್ಲ. ತನ್ನ ಕಪ್ಪೆಚಿಪ್ಪಿನ ಡಬ್ಬಿಯ ಬೀಗಕ್ಕೆ ಆಗುತ್ತದೇನೋ ನೋಡೋಣ ಎಂದು ಅಮ್ಮನ ಪ್ಯಾಂಟಿನ ಜೇಬಿನಿಂದ ಎತ್ತಿಕೊಂಡಿದ್ದಳು. ಮಧ್ಯಾಹ್ನ ಸ್ಕೂಲಿನಲ್ಲಿ ಸುದ್ದಿ ಕೇಳಿದ್ದೇ ತಡ, ಬೇಯಿಸಿದ ಮರಗೆಣಸನ್ನು ಅರ್ಧಕ್ಕೇ ಬಿಟ್ಟು ಎದ್ದೆನೋ ಬಿದ್ದೆನೋ ಎಂದು ಓಡಿ ಬಂದಿದ್ದಳು. ಅಮ್ಮನ ಕೆಲಸ ಹೋಗಿಬಿಟ್ಟರೆ?

“ಗೌಂಡರ್ ಅಂಕಲ್, ತಗೊಳ್ಳಿ ಕೀ! ತಪ್ಪು ನಂದೇ. ಅಮ್ಮನ್ನ ಬೈಬೇಡಿ.”

ಫೋರ್‌ಮನ್ ಗೌಂಡರ್ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. “ನಾನು ಮುಟ್ಟಲ್ಲಮ್ಮ.”

“ಯಾಕೆ? ಇದೇ ಕೀ ಅಂಕಲ್!”

“ಕೀ ಬಂತು ಸರಿ. ನಿಮ್ಮಮ್ಮ ಎಲ್ಲಿ?”

“ಮನೇಲಿ ಮಲಗಿದಾಳೆ.”

“ನೋಡಿದ್ಯಾ?”

“ಹೂಂ... ಬೆಳಿಗ್ಗೆ ನೋಡಿದ್ದೆ.”

“ಈಗ ಮಧ್ಯಾಹ್ನ ಆಯ್ತಲ್ಲ ಪುಟ್ಟಿ. ಮನೆಗೆ ಜನ ಕಳ್ಸಿದೀನಿ, ಬರ್ಲಿ ತಾಳು.”

“ಒಳ್ಳೇ ಕತೆ ಆಯ್ತಲ್ಲ!” ಸೈರುಸಿ ರೇಗಿದ. “ಮಗಳೇ ಹೇಳ್ತಿದಾಳೆ ಮನೇಲಿದಾಳೆ ಅಂತ. ಇಲ್ಲಿ ಕೊಡು, ನಾನೇ ತೆಗೀತೀನಿ.”

ವಸೀತಿ ಕೀ ಚಾಚಿದಳು. ಗೌಂಡರ್ ಅಡ್ಡ ಬಂದು ನಿಂತರು.

“ಅವಳ ಬೀಗ ಅವಳೇ ತೆಗೀಬೇಕು. ಬೇರೆ ಮಾತಿಲ್ಲ.”

ಎಂಥ ಹಟಮಾರಿ ಮನುಷ್ಯ! ವಸೀತಿಗೆ ಅಳುವೇ ಬಂತು.

ಅಷ್ಟರಲ್ಲಿ ರೋಲರುಗಳ ಸಂದಿಯಲ್ಲಿ ಏನೋ ಕದಲಿತು. ಮೊದಲು ಒಂದು ಟಾರ್ಚು ಹೊರಗೆ ಬಂತು. ಆಮೇಲೆ ಕಬ್ಬಿನ ಸಿಪ್ಪೆ ಮೆತ್ತಿಕೊಂಡ ಒಂದು ತಲೆ.

“ನನ್ ಕೀ ಇಲ್ಲೂ ಬಿದ್ದಿಲ್ಲ ಗೌಂಡರ್! ಎದ್ದು ನೋಡಿದ್ರೆ ಜೇಬಲ್ಲಿರ್ಲಿಲ್ಲ. ಹಿಂದಿನ ಬಾಗಿಲಿಂದ ಬಂದು ಅರ್ಧ ಗಂಟೆಯಿಂದ ಹುಡುಕ್ತಿದೀನಿ.”

ಅಮ್ಮ!

ಸೈರುಸಿ ಟೋಪಿ ತೆಗೆದು ಅಲ್ಲೇ ಕಟ್ಟೆಯ ಮೇಲೆ ಕುಸಿದು ಕೂತ.

ವಸೀತಿ ಆ ರೋಲರುಗಳನ್ನು ನೋಡಿದಳು. ಅಮ್ಮ ಇನ್ನೂ ಅವುಗಳ ನಡುವಿನಿಂದ ಒಂದೊಂದೇ ಕಾಲು ಹೊರಗೆ ಎಳೆದುಕೊಳ್ಳುತ್ತಿದ್ದಳು.

“ಅಮ್ಮಾ...” ವಸೀತಿ ಅವಳ ಹತ್ತಿರ ಓಡಿದಳು. “ನೀನು ಮನೇಲಿದೀಯ ಅಂತ ಹೇಳ್ಬಿಟ್ಟಿದ್ದೆ ನಾನು.”

ಅಮ್ಮ ಬೈಯಲಿಲ್ಲ. ಗ್ರೀಸಿನ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಚಾಚಿದಳು. ವಸೀತಿ ಆ ಅಂಗೈಯಲ್ಲಿ ಕೀ ಇಟ್ಟಳು. ಇಟ್ಟ ಮೇಲೂ ಕೈ ಬಿಡಲಿಲ್ಲ.