ಬೆಳ್ಳಿಯ ಹುಳುಕು

"ಅಪ್ಪ ಒಂದು ನಾಣ್ಯ ಕೊಡ್ತಾರೆ ಮುನಿಸಾ. ಅದರ ಹುಳುಕು ಮಾತ್ರ ಬಾಯಿಬಿಟ್ಟು ಹೇಳಬೇಡ. ಚೆನ್ನಾಗಿದೆ ಅನ್ನು, ಚಹಾ ಕುಡಿ, ಎದ್ದು ಹೋಗಿಬಿಡು."

ಬಾಗಿಲಿಗೆ ಅಡ್ಡ ನಿಂತು ಹೋಸಿಯತ್ ಹೀಗೆ ಪಿಸುಗುಟ್ಟಿದಾಗ ಮುನಿಸಾಗೆ ನಗು ತಡೆಯಲಾಗಲಿಲ್ಲ. ತಾಷ್ಕೆಂಟಿನಲ್ಲಿ ಹಳೆಯ ನಾಣ್ಯಗಳನ್ನು ನೋಡಿ ದರ್ಜೆ ಕಟ್ಟುವವಳು ಅವಳು. ಭೂತಗನ್ನಡಿ ಹಿಡಿದು ಒಮ್ಮೆ ಮೂಗು ಮುರಿದಳೆಂದರೆ ಎಂಥೆಂಥ ವ್ಯಾಪಾರಿಗಳ ಮುಖವೂ ಬಾಡಿಹೋಗುತ್ತಿತ್ತು. ಅಂಥವಳಿಗೆ ಈ ಬುದ್ಧಿವಾದ.

"ಹುಳುಕು ಹೇಳೋದೇ ನನ್ನ ಕಸುಬು ಅಕ್ಕಾ. ಚೆನ್ನಾಗಿದೆ ಅನ್ನೋಕೆ ನಿಮ್ಮ ಬುಖಾರಾದಲ್ಲೇ ಬೇಕಾದಷ್ಟು ಜನ ಇದ್ದಾರಲ್ಲ. ಅದಕ್ಕೆ ನಾನ್ಯಾಕೆ ರೈಲು ಹತ್ತಿ ಬರಬೇಕಿತ್ತು?"

"ನಗಬೇಡ. ಚಳಿಗಾಲದಲ್ಲಿ ಅಪ್ಪ ಒಬ್ಬ ಮಾಟಗಾತೀನ ಕರೆಸಿದ್ರು. ಅವಳು ಅಪ್ಪನ ಮೈ ತೊಳೆದ ನೀರಲ್ಲಿ ಆ ನಾಣ್ಯ ಮುಳುಗಿಸಿಟ್ಟು ಏನೇನೋ ಮಣಮಣ ಅಂದಳು. ಅವರ ಕಾಯಿಲೆಗಳೆಲ್ಲ ಅದರ ಮೇಲೆ ಹುಳುಕಾಗಿ ಮೂಡಿವೆ. ಯಾರು ನೋಡಿ ಬಾಯಲ್ಲಿ ಹೇಳ್ತಾರೋ ಅದು ಅವರದ್ದು." ಹೋಸಿಯತ್ ತನ್ನ ಬಲಗಾಲಿನ ಕಡೆ ಕಣ್ಣು ಇಳಿಸಿದಳು. "ಅಂಚು ಮುರಿದಿದೆಯಲ್ಲಪ್ಪಾ ಅಂದೆ. ಅಷ್ಟೇ ನಾನು ಅಂದದ್ದು."

"ಎಲ್ಲೋ ಬಿದ್ದಿರ್ತೀರ. ಒಳ್ಳೇ ಡಾಕ್ಟರಿಗೆ ತೋರಿಸಿ. ಮಾಟವಂತೆ, ಮಾಟ" ಎಂದು ಅವಳ ಭುಜ ತಟ್ಟಿ ಮುನಿಸಾ ಒಳಗೆ ನಡೆದಳು. ಹಿಂದೆ ಹೋಸಿಯತ್ ಕಾಲೆಳೆಯುವ ಸದ್ದು ಅಂಗಳದ ಇಟ್ಟಿಗೆಗಳ ಮೇಲೆ ಸರಪರ ಎನ್ನುತ್ತಿತ್ತು.

ನಡುಬೇಸಿಗೆಯ ಮಧ್ಯಾಹ್ನ. ಅಂಗಳದ ಹಿಪ್ಪುನೇರಳೆ ಮರದ ಒಂದೆಲೆಯೂ ಅಲುಗುತ್ತಿರಲಿಲ್ಲ. ಪಾರಿವಾಳಗಳು ಕೂಡ ಗಂಟಲು ಒಣಗಿ ಸುಮ್ಮನಿದ್ದವು. ಬಿಸಿಲಿಗೆ ಹೆದರಿ ಕಿಟಕಿಗಳನ್ನೆಲ್ಲ ಮುಚ್ಚಿದ್ದ ಕೋಣೆಯೊಳಗೆ ಕಾಲಿಟ್ಟರೆ ಕಣ್ಣಿಗೆ ಕತ್ತಲೆ ಕವಿಯಿತು. ದೃಷ್ಟಿ ತೆಗೆಯಲು ಸುಡುವ ಇಸಿರಿಕ್ ಸೊಪ್ಪಿನ ಹೊಗೆ ಗೋಡೆಗೋಡೆಗೂ ಹತ್ತಿಕೊಂಡಿತ್ತು. ಅದರಡಿಯಲ್ಲಿ ಇನ್ನೊಂದು ವಾಸನೆ. ಹಸಿಮಣ್ಣು, ಹಳೆಯ ರಕ್ತ, ಬಹಳ ದಿನ ನಿಂತ ನೀರು.

"ಬಂದೆಯಾ ಮಗಳೇ?"

ನೆಮತ್ ಉಸ್ತೋ ಎದ್ದು ಬಂದು ಅವಳ ಹಣೆಗೆ ಮುತ್ತಿಟ್ಟರು. ಹೋಸಿಯತಳ ಅಪ್ಪ, ನಾಣ್ಯ ನೋಡುವ ವಿದ್ಯೆಯನ್ನು ಮುನಿಸಾಗೆ ಕಲಿಸಿದ ಗುರು. ಅವಳು ಕಂಡಾಗಿನಿಂದ ಕುಂಟುತ್ತಿದ್ದವರು ಇಂದು ನೆಟ್ಟಗೆ ನಡೆದು ಬಂದಿದ್ದರು. ಮುನಿಸಾ ಅದನ್ನು ಗಮನಿಸಿದಳು, ಯಾವುದೋ ಹೊಸ ಮದ್ದು ನಾಟಿರಬೇಕೆಂದುಕೊಂಡಳು. ಉಳಿದಂತೆ ಮುದುಕರು ತೀರಾ ಇಳಿದುಹೋಗಿದ್ದರು. ಎರಡೂ ಕಣ್ಣಿಗೆ ಬಿಳಿ ಪೊರೆ ಬಂದಿತ್ತು. ಕೈ ಎಷ್ಟು ನಡುಗುತ್ತಿತ್ತೆಂದರೆ ಹಿಡಿದ ಚಹಾದ ಬಟ್ಟಲು ತಟ್ಟೆಗೆ ಬಡಿದು ಕಿಣಿಕಿಣಿ ಎನ್ನುತ್ತಲೇ ಇತ್ತು. ಎದೆ ಕೈಕೊಟ್ಟಿದೆ, ಕಣ್ಣು ಮುಚ್ಚುವ ಮೊದಲು ಒಮ್ಮೆ ಬಂದು ಹೋಗು ಎಂದು ಹೇಳಿಕಳಿಸಿದ್ದರು. ಅವಳ ಅಪ್ಪ ತೀರಿಕೊಂಡಾಗ ಕೊಕಂದ್ ಊರಿನವರೆಗೆ ಬಂದು ಹೆಣಕ್ಕೆ ಹೆಗಲು ಕೊಟ್ಟ ಮನುಷ್ಯ ಕರೆದರೆ ಬರದೆ ಇರಲು ಅವಳೇನು ಕಲ್ಲೇ?

ಉಸ್ತೋ ಉಣ್ಣೆಯ ಚೀಲದಿಂದ ನಾಣ್ಯ ತೆಗೆದು ಅವಳ ಅಂಗೈಗೆ ಹಾಕಿದರು. ಬುಖಾರಾವನ್ನು ಅಮೀರರು ಆಳುತ್ತಿದ್ದ ಕಾಲದ ಬೆಳ್ಳಿ. ಆ ಧಗೆಯಲ್ಲೂ ಅದು ಮೂಳೆ ನೋಯುವಷ್ಟು ತಣ್ಣಗಿತ್ತು.

"ಟಂಕಸಾಲೆಯಿಂದ ಈಗಷ್ಟೇ ಬಂದ ಹಾಗಿದೆ. ಮೊದಲ ದರ್ಜೆ ಅಂತ ನಾನಂತೀನಿ. ನೀನು?"

ಮುನಿಸಾ ಕಿಟಕಿಯ ಬಾಗಿಲನ್ನು ಒಂದಿಷ್ಟು ಸರಿಸಿದಳು. ಒಳಬಿದ್ದ ಬೆಳಕಿನ ಗೆರೆಗೆ ನಾಣ್ಯವನ್ನು ಅಂಚಿನಲ್ಲಿ ಹಿಡಿದು ಭೂತಗನ್ನಡಿಗೆ ಕಣ್ಣಿಟ್ಟಳು. ಮೊದಲ ದರ್ಜೆಯೇ? ತಪ್ಪು ದರ್ಜೆ ಕೇಳಿದರೆ ಅವಳಿಗೆ ಅನ್ನದಲ್ಲಿ ಕಲ್ಲು ಸಿಕ್ಕಿದಂತೆ. ಆಡಿದವರು ಗುರುವಾದರೂ ಸರಿ, ತಿದ್ದದೆ ಬಿಟ್ಟವಳಲ್ಲ. ಹಾಗೆ ತಿದ್ದು ಎಂದು ಕಲಿಸಿದವರೂ ಅವರೇ.

"ಅಚ್ಚು ಜಾರಿದೆ ಉಸ್ತೋ. ಪೆಟ್ಟು ಎರಡು ಸಲ ಬಿದ್ದಿದೆ. ಅಕ್ಷರ ಎಲ್ಲಾ ನಡುಗಿದ ಹಾಗಿದೆ."

ಕಿಣಿಕಿಣಿ ನಿಂತಿತು.

ಕೋಣೆ ಇದ್ದಕ್ಕಿದ್ದಂತೆ ಎಷ್ಟು ನಿಶ್ಶಬ್ದವಾಯಿತೆಂದರೆ ಮುನಿಸಾಗೆ ತನ್ನ ಉಸಿರೇ ಜೋರಾಗಿ ಕೇಳಿಸಿತು. ಮರುಗಳಿಗೆ ಅವಳ ಬೆರಳುಗಳು ಅದುರತೊಡಗಿದವು. ಭೂತಗನ್ನಡಿ ನಾಣ್ಯಕ್ಕೆ ಟಕಟಕ ಬಡಿಯಿತು. ರಾತ್ರಿಯಿಡೀ ರೈಲಿನಲ್ಲಿ ನಿದ್ದೆಯಿಲ್ಲ, ಹೊಟ್ಟೆ ಖಾಲಿ, ಅದಕ್ಕೇ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಮತ್ತೆ ನೋಡಿದರೆ ಅಕ್ಷರಗಳು ಒಂದೊಂದೂ ನೆಟ್ಟಗೆ, ಚೂಪಾಗಿ ನಿಂತಿದ್ದವು. ತಾನು ತಪ್ಪು ನೋಡಿದೆನೇ? ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು.

"ಹೊಳಪು ಹೇಗಿದೆ ಹೇಳು" ಎಂದರು ಉಸ್ತೋ. ಅವರ ದನಿ ಮೃದುವಾಗಿತ್ತು. "ನಂಗಂತೂ ಕನ್ನಡಿ ಹಾಗೆ ಕಾಣತ್ತೆ."

ಹೋಸಿಯತಳ ಕಾಲು ಅವಳ ನೆನಪಿಗೆ ಬಂದದ್ದು ನಿಜ. ಆದರೆ ಬಾಯಿ ಬುದ್ಧಿಗಿಂತ ಮುಂದೆ ಓಡಿತ್ತು.

"ಕನ್ನಡಿ ಎಲ್ಲಿ ಬಂತು ಉಸ್ತೋ? ಪೂರ್ತಿ ಮಬ್ಬು. ಪೊರೆ ಕಟ್ಟಿದ ಹಾಗಿದೆ."

ಬೆಳಕಿನ ಗೆರೆ ಕದಡಿತು. ಹಾಲಾಯಿತು. ಅವಳು ಕಣ್ಣು ಉಜ್ಜಿದಳು. ಮತ್ತೆ ಉಜ್ಜಿದಳು. ಗೋಡೆ ಕರಗಿತು. ಕಿಟಕಿ ಕರಗಿತು. ತನ್ನ ಕೈ ತನಗೇ ಕಾಣಲಿಲ್ಲ. ನಿಂತ ನೀರಿನ ವಾಸನೆ ಮೂಗಿಗೆ ನುಗ್ಗಿತು. ಹತ್ತಿರದಲ್ಲೇ ಯಾರೋ ಎದ್ದು ನಿಂತರು. ಬಟ್ಟೆ ಸರಿದ ಸದ್ದು. ಆಸೆಯಿಂದ ಎಳೆದುಕೊಂಡ ಉದ್ದದ ಉಸಿರು.

"ನಿನ್ನ ಮುಖ ನೋಡಿ ಎಷ್ಟು ಕಾಲ ಆಗಿತ್ತು ಮಗಳೇ" ಎಂದರು ಉಸ್ತೋ. "ಸೊರಗಿದ್ದೀಯ."

ಮುನಿಸಾ ಹಿಂದೆ ಸರಿದಳು.

"ನಿಮಗೆ ಗೊತ್ತಿತ್ತು."

ಅವಳು ದನಿ ಬಂದ ಕಡೆ ಮುಖ ತಿರುಗಿಸಿದಳು.

"ಅಷ್ಟೊಂದು ಜನ ಶಿಷ್ಯರಿದ್ರಲ್ಲ. ನನ್ನನ್ನೇ ಯಾಕೆ?"

"ಎಲ್ಲರನ್ನೂ ಕರೆಸಿದೆ. ಮುದುಕನಿಗೆ ಬೇಜಾರಾಗತ್ತೆ ಅಂತ ಎಲ್ಲರೂ ಚೆನ್ನಾಗಿದೆ ಅಂದ್ರು. ಸುಳ್ಳು ಹೇಳದೆ ಇರೋಳು ನೀನೊಬ್ಬಳೇ."

ಮೆಚ್ಚುಗೆಯಿಂದಲೇ ಅಂದರು. ಆ ಮೆಚ್ಚುಗೆಯನ್ನು ಗಳಿಸಲು ಅವಳು ಎಷ್ಟು ವರ್ಷ ಹಂಬಲಿಸಿದ್ದಳು. ಈಗ ಅದು ಸಿಕ್ಕಿತ್ತು, ಅವಳ ಕಣ್ಣು ಕಿತ್ತುಕೊಂಡ ಮೇಲೆ. ಕುರುಡುತನಕ್ಕಿಂತ ಹೆಚ್ಚು ಉರಿದದ್ದು ಅದು. ಹೆತ್ತವರಷ್ಟೇ ನಂಬಿದ್ದಳು ಈ ಮನುಷ್ಯನನ್ನು.

ಅವಳು ನಾಣ್ಯವನ್ನು ಬಿಸಾಡಲು ಕೈ ಕೊಡವಿದಳು. ಬೀಳಲಿಲ್ಲ. ಮತ್ತೆ ಕೊಡವಿದಳು. ಬೆರಳಿಗೆ ಅಂಟಿಕೊಂಡಿತ್ತು. ಉಗುರಿನಿಂದ ಕೆರೆದಳು. ಚರ್ಮ ಕಿತ್ತು ಬಂತು, ನಾಣ್ಯ ಬರಲಿಲ್ಲ.

"ನೋಡೋದು ಮುಗಿಯೋ ತನಕ ಅದು ಬಿಡಲ್ಲ" ಎಂದರು ಉಸ್ತೋ. "ಇನ್ನೊಂದೇ ಹುಳುಕು ಇರೋದು. ಬೆರಳಾಡಿಸು, ಸಿಗತ್ತೆ. ಹೇಳಿ ದರ್ಜೆ ಕಟ್ಟಿಬಿಡು."

ಸಿಕ್ಕಿತು. ನಟ್ಟನಡುವೆ, ಕೊಂಚ ಎಡಕ್ಕೆ. ಯಾವಳೋ ಹೆಣ್ಣು ಜಡೆಗೆ ಪೋಣಿಸಿಕೊಳ್ಳಲು ಕೊರೆಸಿದ್ದ ತೂತು. ಆಮೇಲೆ ಯಾರೋ ಬೆಸುಗೆ ಹಾಕಿ ಮುಚ್ಚಿದ್ದರು. ಬೆಸುಗೆ ಬೆರಳಿನಡಿ ಮಿಡಿಯುತ್ತಿತ್ತು. ಡಬ್. ತಡೆ. ಡಬ್ ಡಬ್. ಮತ್ತೆ ತಡೆ. ಕೈಕೊಟ್ಟ ಎದೆಯ ಬಡಿತ.

"ಹೇಳಮ್ಮ. ನೀನು ಚಿಕ್ಕವಳು, ತಡ್ಕೊಳ್ತೀಯ."

ಅವಳ ನಾಲಿಗೆಯ ತುದಿಗೆ ಆ ಮಾತು ಬಂದು ಕೂತಿತು. ತೂತಿದೆ. ಬೆಸುಗೆಯಿದೆ. ಒಮ್ಮೆಯೂ ಕಂಡದ್ದನ್ನು ನುಂಗಿದ ಬಾಯಲ್ಲ ಅದು. ಗಂಟಲು ತಾನಾಗಿ ಅದನ್ನು ಹೊರಗೆ ನೂಕುತ್ತಿತ್ತು. ತುಟಿ ತೆರೆಯಿತು. ಅವಳು ತುಟಿ ಕಚ್ಚಿದಳು. ಉಪ್ಪು ರುಚಿ ಬಂತು. ಬೆಸುಗೆ ಬಡಿಯಿತು. ಡಬ್ ಡಬ್. ಉಸ್ತೋರ ಉಸಿರು ಅವಳ ಕೆನ್ನೆಗೇ ತಾಗುತ್ತಿತ್ತು.

"ತೂತಿಲ್ಲ" ಎಂದಳು ಮುನಿಸಾ.

"ಸರಿಯಾಗಿ ನೋಡು."

"ನೋಡಿದೆ ಉಸ್ತೋ. ಬೆಸುಗೆ ಇಲ್ಲ. ಚೊಕ್ಕ ಬೆಳ್ಳಿ. ಮೊದಲ ದರ್ಜೆ."

ನಾಣ್ಯ ಬೆರಳಿನಿಂದ ಕಳಚಿ ಇಟ್ಟಿಗೆ ನೆಲದ ಮೇಲೆ ಬಿತ್ತು. ಒಡಕು ಮಡಕೆಯಂಥ ದನಿ. ಅದು ಎಲ್ಲಿಗೆ ಉರುಳಿತೋ ಅವಳಿಗೆ ಕಾಣಲಿಲ್ಲ. ಉಸ್ತೋ ಮಂಡಿಯೂರಿ ಅದನ್ನು ಹುಡುಕುವುದು ಮಾತ್ರ ಕೇಳಿಸಿತು.

ಗೋಡೆ ಹಿಡಿದು ಹಿಡಿದು ಅವಳು ಹೊರಗೆ ಬಂದಳು. ಬಿಸಿಲು ಮುಖಕ್ಕೆ ಬಡಿಯಿತು, ಬೆಳಕು ಮಾತ್ರ ಕಣ್ಣಿಗೆ ಬರಲಿಲ್ಲ. ಒಂದು ಕೈ ಬಂದು ಅವಳ ಅದುರುವ ಕೈಯನ್ನು ಹಿಡಿದುಕೊಂಡಿತು. ಹೋಸಿಯತ್.

"ಎಷ್ಟು ಹೇಳಿಬಿಟ್ಟೆ?"

"ಕೈಯದ್ದು. ಕಣ್ಣಿಂದು."

"ಎದೇದು?"

"ಹೇಳಲಿಲ್ಲ."

ಹೋಸಿಯತ್ ಒಮ್ಮೆ ಕೋಣೆಯ ಕಡೆ ತಿರುಗಿ ನೋಡಿದಳು. ಹೇಳಲಿಲ್ಲ ಎಂದರೆ ತನ್ನ ಅಪ್ಪನ ಪಾಲಿಗೆ ಏನೆಂದು ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಆಮೇಲೆ ಮುನಿಸಾಳ ತೋಳನ್ನು ತನ್ನ ತೋಳಿಗೆ ಸೇರಿಸಿಕೊಂಡು, ಕಾಲೆಳೆಯುತ್ತ ಬೀದಿಬಾಗಿಲ ಕಡೆ ನಡೆಸಿದಳು.

ಒಳಗೆ ಬಟ್ಟಲು ಒಡೆಯಿತು. ಭಾರವಾದದ್ದೇನೋ ಗೋಡೆಗೆ ಒರಗಿ ಜಾರಿತು.

"ಮಗಳೇ" ಎಂದು ಉಸ್ತೋ ಕೂಗಿದರು.

ಅವರು ಇಬ್ಬರನ್ನೂ ಹಾಗೆಯೇ ಕರೆಯುತ್ತಿದ್ದರು. ಇಬ್ಬರೂ ಓಗೊಡಲಿಲ್ಲ.