ಮ್ಯಾಗ್ನೆಟ್ಟಿನಿಂದ ಮಾರು ದೂರ

ಮುನೀಂದ್ರ ಎಂಥ ಮನುಷ್ಯನೆಂದು ಶಶಿರೇಖಾಗೆ ಅರ್ಥವೇ ಆಗುತ್ತಿರಲಿಲ್ಲ.

ಹೊಸೂರಿನ ಔಷಧ ಕಂಪನಿಯೊಂದರಲ್ಲಿ ಇಬ್ಬರಿಗೂ ಕೆಲಸ. ಅವನು ಜೀವಕೋಶಗಳನ್ನು ಬೆಳೆಸುವವನು. ಆ ಕೋಶಗಳು ದ್ರವಕ್ಕೆ ಬಿಟ್ಟ ಆಂಟಿಬಾಡಿಯನ್ನು ಬೇರ್ಪಡಿಸಿ ತೆಗೆಯುವವಳು ಅವಳು. ದ್ರವಕ್ಕೆ ಮ್ಯಾಗ್ನೆಟಿಕ್ ಬೀಡ್ಸ್ ಹಾಕಿದರೆ, ಕಂದು ಪುಡಿಯಂತೆ ಕಾಣುವ ಆ ಸಣ್ಣ ಮಣಿಗಳಿಗೆ ಆಂಟಿಬಾಡಿ ಅಂಟಿಕೊಳ್ಳುತ್ತದೆ. ಬಾಟಲಿಯ ಪಕ್ಕ ಇಟ್ಟಿಗೆ ಗಾತ್ರದ ಮ್ಯಾಗ್ನೆಟ್ ಇಟ್ಟರೆ ಮಣಿಗಳೆಲ್ಲ ಅತ್ತ ಸರಿದು ನಿಲ್ಲುತ್ತವೆ. ಬೇಡದ ದ್ರವವನ್ನು ಬಗ್ಗಿಸಿಬಿಡಬಹುದು.

ಬಾಟಲಿ ತಂದಾಗಲೆಲ್ಲ ಮುನೀಂದ್ರ ಬಾಗಿಲಲ್ಲೇ ನಿಲ್ಲುತ್ತಿದ್ದ. ಮಾಸ್ಕಿನ ಮೇಲಿನ ಕಣ್ಣುಗಳು ನಗುತ್ತಿದ್ದವು. ಕಾಲು ಮಾತ್ರ ಒಳಗೆ ಬರುತ್ತಿರಲಿಲ್ಲ.

“ಒಳಗೆ ಬಂದು ಇಡ್ರೀ. ನಾನೇನು ಕಚ್ತೀನಾ?”

“ಇಲ್ಲೇ ಇಟ್ಟೋಗ್ತೀನಿ ಬಿಡಿ.”

“ಗುಮ್ಮಳಾಪುರದೋರೆಲ್ಲಾ ಹಿಂಗೇನಾ?”

“ಬಾಗಲೂರೋರೆಲ್ಲಾ ಇಷ್ಟು ಪ್ರಶ್ನೆ ಕೇಳ್ತಾರಾ?”

ಕ್ಯಾಂಟೀನಿನಲ್ಲಾದರೆ ಎದುರಿಗೇ ಬಂದು ಕೂರುತ್ತಿದ್ದ. ಮನೆಯಿಂದ ತಂದ ಹುರುಳಿ ಚಟ್ನಿಯನ್ನು ಅವಳತ್ತ ಸರಿಸಿ, ಅವಳು ತಿನ್ನುವುದನ್ನೇ ಕದ್ದು ನೋಡುತ್ತಿದ್ದ. ಅವಳು ತಲೆಯೆತ್ತಿದರೆ ನೀರಿನ ಲೋಟ ಹುಡುಕುತ್ತಿದ್ದ. ಲ್ಯಾಬಿಗೆ ಬಂದರೆ ಮತ್ತೆ ಅದೇ ದೂರ. ಮಾತಿನಲ್ಲಷ್ಟೇ ಸಲಿಗೆ ಇವನದು ಎಂದು ಅವಳು ಮನಸ್ಸು ಗಟ್ಟಿ ಮಾಡಿಕೊಂಡಳು.

ಆ ಶುಕ್ರವಾರ ಅದೇ ಸಿಟ್ಟಿನಲ್ಲಿ ಮ್ಯಾಗ್ನೆಟ್ಟನ್ನು ಎತ್ತಿಡುತ್ತಿದ್ದಳು. ಪಕ್ಕದಲ್ಲಿ ಉಕ್ಕಿನ ಟ್ರಾಲಿ ಇರುವುದು ಮರೆತಿತ್ತು. ಮ್ಯಾಗ್ನೆಟ್ ಕೈಯಿಂದ ಹಾರಿ ಟ್ರಾಲಿಗೆ ಬಡಿಯಿತು. ನಡುವೆ ಸಿಕ್ಕಿದ್ದು ಅವಳ ಬೆರಳುಗಳು.

ಆಗಷ್ಟೇ ಬಾಟಲಿ ತಂದು ಬಾಗಿಲಲ್ಲಿ ನಿಂತಿದ್ದ ಮುನೀಂದ್ರ ಅವಳ ಮುಖ ನೋಡಿದವನೇ ಓಡಿ ಬಂದ. ಟ್ರಾಲಿಗೆ ಕಾಲು ಕೊಟ್ಟು, ಎರಡೂ ಕೈಯಿಂದ ಮ್ಯಾಗ್ನೆಟ್ಟನ್ನು ಪಕ್ಕಕ್ಕೆ ಜಾರಿಸಿ ಕಿತ್ತ. ಮತ್ತೆ ಹಾರದಂತೆ ಎದೆಗವಚಿಕೊಂಡೇ ಒಯ್ದು ಗೋಡೆ ಪಕ್ಕದ ಮರದ ಪೆಟ್ಟಿಗೆಯೊಳಗಿಟ್ಟ. ತಿರುಗಿದವನ ಮುಖದಲ್ಲಿ ರಕ್ತವೇ ಇರಲಿಲ್ಲ. ಅಲ್ಲೇ ಕುಸಿದ.

“ಮುನೀಂದ್ರ, ಏನಾಯ್ತ್ರೀ?”

“ಪೆಟ್ಟಿಗೆ... ದೂರ ತಳ್ಳಿ.”

ಅವಳು ಪೆಟ್ಟಿಗೆ ತಳ್ಳಿ ಬಂದು, ಗಾಳಿಯಾಡಲೆಂದು ಅವನ ಅಂಗಿಯ ಗುಂಡಿ ಬಿಚ್ಚಿದಳು. ಎಡಗಡೆ, ಕೊರಳೆಲುಬಿನ ಕೆಳಗೆ ಹಳೆಯ ಹೊಲಿಗೆಯ ಗುರುತು. ಅದರಡಿ ಚರ್ಮವನ್ನು ಎತ್ತಿ ಹಿಡಿದಂತೆ ಏನೋ ಉಬ್ಬಿತ್ತು. ಅವಳಿಗೆ ಬೆರಳಿನ ನೋವೂ ತಿಳಿಯದಾಯಿತು.

“ಪೇಸ್‌ಮೇಕರಾ?”

ಅವನು ತಲೆಯಾಡಿಸಿದ. “ಕಾಲೇಜಲ್ಲಿದ್ದಾಗ ಹಾಕಿದ್ರು. ಮ್ಯಾಗ್ನೆಟ್ ತೀರಾ ಹತ್ರ ಬಂದ್ರೆ ಎದೆಬಡಿತದ ತಾಳ ತಪ್ತದೆ. ದೂರ ಹೋದ್ರೆ ಸರಿಯಾಗ್ತದೆ. ಈ ರೂಮಿಗೆ ಕಾಲಿಡಬೇಡ ಅಂತ ಮ್ಯಾನೇಜರ್ ಹೇಳವ್ರೆ.”

“ಗೊತ್ತಿದ್ದೂ ಬಂದ್ರಾ?”

“ನಿಮ್ಮ ಮುಖ ನೋಡಿದ್ಮೇಲೆ ಏನೂ ಗ್ಯಾಪಕಕ್ಕೆ ಬರ್ಲಿಲ್ಲ.”

“ನಂಗೊಂದು ಮಾತು ಹೇಳ್ಬಾರ್ದಿತ್ತಾ?”

ಅವನು ಕಣ್ಣು ಮುಚ್ಚಿದ. “ಇದು ತಿಳಿದು ಒಂದು ಸಂಬಂಧ ಮುರಿದೋಯ್ತು. ನೀವೂ ಅಯ್ಯೋ ಪಾಪ ಅಂತ ನೋಡ್ಬುಟ್ರೆ ತಡ್ಕೊಳ್ಳಕ್ಕಾಗ್ತಿರ್ಲಿಲ್ಲ.”

ಆಸ್ಪತ್ರೆಯಲ್ಲಿ ಡಾಕ್ಟರು ಪರೀಕ್ಷೆ ಮಾಡಿ, ಯಂತ್ರಕ್ಕೆ ಏನೂ ಆಗಿಲ್ಲವೆಂದರು. ಅವನನ್ನು ತಮಿಳಿನಲ್ಲಿ ಚೆನ್ನಾಗಿ ಬೈದರು. ಶಶಿರೇಖಾಳ ಬೆರಳಿಗೆ ಪಟ್ಟಿ ಬಿತ್ತು. ಸಂಜೆ ಹೊತ್ತಿಗೆ ಮುನೀಂದ್ರನ ತಾಯಿ ನರಸಮ್ಮ ಬಸ್ಸಿಳಿದು ಏದುಸಿರು ಬಿಡುತ್ತ ಬಂದರು. ಮಗನ ಹಣೆ, ಕೆನ್ನೆ ಸವರಿದ ಮೇಲೆ ಮಂಚದ ಆಚೆ ನಿಂತವಳನ್ನು ಕಂಡರು.

“ನೀನ್ಯಾರವ್ವಾ?”

ಜೊತೆಯಲ್ಲಿ ಕೆಲಸ ಮಾಡುವವಳು ಎನ್ನಬೇಕೆಂದುಕೊಂಡಿದ್ದಳು. ಬಾಯಿಗೆ ಬಂದದ್ದೇ ಬೇರೆ.

“ನಿಮ್ಮ ಮಗನ್ನ ಮದ್ವೆ ಆಗ್ಬೇಕು ಅಂತಿದ್ದೀನಮ್ಮ.”

ಆಡಿದ ಮಾತು ಕೇಳಿ ಅವಳೇ ಬೆಚ್ಚಿದಳು. ಮುನೀಂದ್ರ ದಿಂಬು ಬಿಟ್ಟು ಎದ್ದು ಕೂತ. ನರಸಮ್ಮ ಸ್ಟೂಲಿನ ಮೇಲೆ ಕುಕ್ಕರಿಸಿದರು.

“ಅವನ ಎದೇಲಿ ಮಿಷಿನ್ ಐತೆ, ಗೊತ್ತೇನವ್ವಾ?”

“ಇವತ್ತು ಗೊತ್ತಾಯ್ತು.”

“ಗೊತ್ತಾದ್ಮೇಲೂ ಈ ಮಾತಾ?”

“ಹೂಂನಮ್ಮ.”

ಮುನೀಂದ್ರ ಮುಂದಕ್ಕೆ ಬಾಗಿದ. ಪಟ್ಟಿಯಿಲ್ಲದ ಅವಳ ಕೈಯನ್ನು ಹಿಡಿದುಕೊಂಡ. ಅಮ್ಮ ನೋಡುತ್ತಿದ್ದರೂ ಬಿಡಲಿಲ್ಲ.

ನರಸಮ್ಮ ಆ ಎರಡು ಕೈಗಳನ್ನು ನೋಡಿದರು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, ಎದ್ದು ಸ್ಟೂಲನ್ನು ಅವಳ ಕಡೆ ಸರಿಸಿದರು.

“ಬೆಳಗ್ಗಿಂದ ಏನಾರಾ ತಿಂದ್ಯೇನವ್ವಾ?”