ಅಟ್ಟ ಹತ್ತಿದ ಗಿಟಾರ್

ಡಬ್ಬಿ ಇತ್ತು. ಒಳಗೆ ಟೇಪ್ ಸುತ್ತಿದ ಸ್ಪೂಲ್ ಇರಲಿಲ್ಲ.

ನಸೀಮ್ ಬಾನು ಡಬ್ಬಿಯನ್ನು ಎರಡು ಸಲ ಬೋರಲು ಹಾಕಿ ನೋಡಿದಳು. ಈ ಜೂನ್ ತಿಂಗಳಲ್ಲಿ ವಾರವಿಡೀ ಕೂತು ರೆಕಾರ್ಡ್ ಮಾಡಿದ ಅವಳ ಗಿಟಾರ್ ವಾದನ ಮಾಯವಾಗಿತ್ತು. ಅದನ್ನು ಕೇಳಲೆಂದೇ ಬೆಂಗಳೂರಿನಿಂದ ಬಂದಿದ್ದ ಕ್ಯಾಸೆಟ್ ಕಂಪನಿಯ ಶ್ರೀರಂಗಯ್ಯ ಅವಳ ಚಿಕ್ಕಪ್ಪನ ರಿಪೇರಿ ರೂಮಿನಲ್ಲಿ ಎದುರಿಗೇ ಕೂತಿದ್ದರು. ಅವರು ಒಪ್ಪಿದರೆ ಕ್ಯಾಸೆಟ್ಟಿನ ಮೇಲೆ ಅವಳ ಹೆಸರು ಬರುತ್ತಿತ್ತು. ತಿಪಟೂರಿನ ಟೈಲರ್ ಮಗಳಿಗೆ ಅದೇನು ಸಣ್ಣ ಮಾತೇ?

ಅಷ್ಟರಲ್ಲಿ ಆರ್ಕೆಸ್ಟ್ರಾ ನಡೆಸುವ ಏಕಾಂತಯ್ಯ ಬಂದ. ಜೇಬಿನಿಂದ ಕ್ಯಾಸೆಟ್ ತೆಗೆದ.

"ನಮ್ದೂ ಒಸಿ ಕೇಳಿ ಸಾರ್."

ಕ್ಯಾಸೆಟ್ ತಿರುಗಿತು. ನಸೀಮ್ ಎದ್ದು ನಿಂತಳು.

"ಇದು ನಂದು."

"ನಿಂದು ಹೆಂಗಮ್ಮ? ಸಂಕ್ರಾಂತಿ ದಿನ ಇದೇ ರೂಮಲ್ಲಿ ನಾನೇ ನುಡಿಸಿದ್ದು. ಅಟ್ಟದ ಉಪಾಯಾನೂ ನಂದೇ. ನೋಡಿ ಕಲ್ತಿದ್ದೀಯ, ಸಂತೋಷ. ನಮ್ ಆರ್ಕೆಸ್ಟ್ರಾಗೆ ಬಾ, ಪರದೆ ಹಿಂದೆ ಕೂತು ನುಡಿಸು. ಊರೋರ ಬಾಯಿಗೂ ಬೀಳಲ್ಲ."

"ಪರದೆ ಹಿಂದೆ ನೀವೇ ಕೂತ್ಕಳಿ" ಎಂದಳು ನಸೀಮ್.

ಅಟ್ಟದ ಉಪಾಯ ಎಂದರೆ ಇಷ್ಟೆ. ಗಿಟಾರಿನ ವೈರನ್ನು ನೇರವಾಗಿ ಟೇಪಿಗೆ ಕೊಡುವುದು ಎಲ್ಲರ ಪದ್ಧತಿ. ನಸೀಮ್ ಅದನ್ನು ಮೊದಲು ಚಿಕ್ಕಪ್ಪ ಮಾಡಿಕೊಟ್ಟ ಫಜ್ ಡಬ್ಬಕ್ಕೆ ಕೊಟ್ಟು ದನಿಯನ್ನು ಒರಟು ಮಾಡಿಸಿದ್ದಳು. ಅಲ್ಲಿಂದ, ಕೊಬ್ಬರಿಗೆಂದು ಇಡೀ ತೆಂಗಿನಕಾಯಿ ಒಣಗಲು ಹಾಕಿದ್ದ ಅಟ್ಟದ ಬಿದಿರಿನ ಮೇಲಿಟ್ಟ ಸ್ಪೀಕರಿಗೆ. ಅಟ್ಟದ ಇನ್ನೊಂದು ಮೂಲೆಯ ಮೈಕು ಆ ಮೊಳಗನ್ನು ಹಿಡಿದು ಕೆಳಗಿನ ಟೇಪಿಗೆ ಇಳಿಸುತ್ತಿತ್ತು. ಫಾರಿನ್ ಎಕೋ ಮೆಷಿನ್ನಿಗೆ ದುಡ್ಡಿಲ್ಲದವಳು ಹುಡುಕಿಕೊಂಡ ದಾರಿ ಅದು, ಅವಳೊಬ್ಬಳೇ ಹುಡುಕಿಕೊಂಡದ್ದು.

"ರೂಮಿನ ಬೀಗದ ಕೈ ಯಾರ ಹತ್ರ ಇದೆ?" ಶ್ರೀರಂಗಯ್ಯ ಕೇಳಿದರು.

ಇಬ್ಬರ ಹತ್ತಿರ. ಅಲ್ಲಿ ರೇಡಿಯೋ ರಿಪೇರಿ ಮಾಡುವ ಅವಳ ಚಿಕ್ಕಪ್ಪ ಲಿಯಾಕತ್ ಅಲಿ. ಸಂಕ್ರಾಂತಿಯಿಂದ ಅಲ್ಲೇ ತಾಲೀಮು ನಡೆಸುತ್ತಿದ್ದ ಏಕಾಂತಯ್ಯ.

"ಹಂಗಾದ್ರೆ ಸಾಬ್ರನ್ನೇ ಕೇಳಿ. ಆ ಟೇಪ್ ಬ್ಯಾಡ ಅಂತ ಇವಳ ಜೊತೆ ಜಗಳ ಆಡಿದ್ದು ಅವರೇ" ಎಂದ ಏಕಾಂತಯ್ಯ.

ಮೂಲೆಯಲ್ಲಿ ರೇಡಿಯೋ ಬಿಚ್ಚಿಕೊಂಡು ಕೂತಿದ್ದ ಲಿಯಾಕತ್ ತಲೆ ತಗ್ಗಿಸಿದ. ಜಗಳವಾಡಿದ್ದು ನಿಜ.

ಮನೆಯೊಡತಿ ಭೂತಮ್ಮ ಹೊಸ್ತಿಲಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿಯೇ ಒಣಗಿದೆಯೋ ಇಲ್ಲವೋ ಹೇಳುವವಳು. ಕೊಬ್ಬರಿ ಮಂಡಿಯ ವ್ಯಾಪಾರಿಗಳೂ ಅವಳ ಮಾತಿಗೆ ಎದುರಾಡುತ್ತಿರಲಿಲ್ಲ.

"ಜಗಳ ಯಾಕಪ್ಪ ಲಿಯಾಕತ್ತು?"

"ದಪ್ಪ ತಂತಿ ಮೀಟಿದಾಗೆಲ್ಲ ಗಲಗಲ ಅಂತದೆ ಅಜ್ಜಿ. ನನ್ ಡಬ್ಬದ ಬೆಸುಗೆ ಸರಿ ಕೂತಿಲ್ಲ. ಇನ್ನೊಂದ್ಸಲ ಮಾಡಾನ ಅಂದೆ. ಇವಳು ಇರ್ಲಿ ಬುಡು ಅಂದ್ಲು."

"ಏಕಾಂತಯ್ಯ, ನಿನ್ ಕ್ಯಾಸೆಟ್ಟಲ್ಲೂ ಗಲಗಲ ಅಂತದಲ್ಲಪ್ಪ?" ಎಂದಳು ಭೂತಮ್ಮ.

"ಅದೇ ಡಬ್ಬ ಅಲ್ವೇನಮ್ಮ? ಸಂಕ್ರಾಂತೀಲೂ ಹಂಗೇ ಅಂತಿತ್ತು."

"ನೀನೇ ಕೇಳಿದ್ದಾ?"

"ಈ ಕಿವೀಲೇ ಕೇಳಿದೀನಿ."

ಭೂತಮ್ಮ ಎದ್ದಳು. "ಮಗಾ, ಅಟ್ಟದ ವೈರು ಕಿತ್ತಾಕಿ ಡಬ್ಬದಿಂದ ನೇರ ಟೇಪಿಗೆ ಕೊಡು."

ನಸೀಮ್ ದಪ್ಪ ತಂತಿ ಮೀಟಿದಳು. ಒರಟು ದನಿ ಬಂತು. ಗಲಗಲ? ಇಲ್ಲ.

"ಈಗ ಅಟ್ಟಕ್ಕೆ ಕಳ್ಸು."

ಮೀಟಿದಳು. ತಲೆಯ ಮೇಲೆ ಅಟ್ಟವೆಲ್ಲ ಗಲಗಲ ಎಂದಿತು. ಲಿಯಾಕತ್ ಬಾಯಿ ತೆರೆದು ಮೇಲೆ ನೋಡಿದ.

"ಡಬ್ಬ ಅಲ್ಲ, ಅದು ನನ್ ಕೊಬ್ಬರಿ ಕಣಪ್ಪ" ಎಂದಳು ಭೂತಮ್ಮ. "ಹೋದ ವರ್ಷ ಶ್ರಾವಣದಾಗೆ ನಾನೇ ಏರಿಸಿದ ಕಾಯಿ. ಸಂಕ್ರಾಂತೀಲಿ ಒಳಗೆ ಇನ್ನೂ ನೀರಿತ್ತು. ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು, ಗಲಗಲ ಅನ್ನಕ್ಕೆ ಶುರುವಾಗಿದ್ದೇ ಈ ತಿಂಗಳು. ಸಂಕ್ರಾಂತಿ ಟೇಪಿಗೆ ಈ ತಿಂಗಳ ಕೊಬ್ಬರಿ ಹೆಂಗ್ ಬಂತು ಏಕಾಂತಯ್ಯ? ಸ್ಪೂಲ್ ಕದ್ದು ಕ್ಯಾಸೆಟ್ಟಿಗೆ ಇಳಿಸ್ಕಂಡೋನು ನೀನೇ ಕಣ್ಲಾ."

ಏಕಾಂತಯ್ಯ ಹೆಗಲ ಚೀಲಕ್ಕೆ ಕೈ ಹಾಕಿದ. ಸ್ಪೂಲ್ ತೆಗೆದು ಶ್ರೀರಂಗಯ್ಯನವರ ಕೈಗಿಟ್ಟ.

ಶ್ರೀರಂಗಯ್ಯ ಸ್ಪೂಲನ್ನು ತಿರುಗಿಸಿ ನೋಡಿದರು. "ಕ್ಯಾಸೆಟ್ ಮಾಡೋಣಮ್ಮ. ಆದ್ರೆ ಹೆಂಗಸು ಗಿಟಾರ್ ನುಡಿಸ್ತಾಳೆ ಅಂದ್ರೆ ಅಂಗಡಿಯೋರು ಹಿಂದೆಮುಂದೆ ನೋಡ್ತಾರೆ. ಎನ್. ಬಿ. ಅಂತ ಹಾಕ್ಲಾ?"

ಅವರ ಕೈಯಲ್ಲಿದ್ದ ಸ್ಪೂಲನ್ನು ನಸೀಮ್ ಮೆಲ್ಲಗೆ ಇಸಿದುಕೊಂಡಳು.

"ಒಬ್ರು ಕದ್ರು. ನೀವು ಕೇಳಿ ತಗೊಳ್ತಿದ್ದೀರ. ಪೂರ್ತಿ ಹೆಸರು ಹಾಕಿ ಸಾರ್. ಆಗಲ್ಲ ಅಂದ್ರೆ ಮೂರೂವರೆಗೆ ನಿಮಗೆ ಬಸ್ಸಿದೆ."

ಶ್ರೀರಂಗಯ್ಯ ಗಡಿಯಾರ ನೋಡಿದರು. ಆಮೇಲೆ ಪೆನ್ನಿನ ಮುಚ್ಚಳ ತೆಗೆದರು.

"ಊರೂ ಹಾಕ್ಬೇಕಾ?"

"ಹಾಕಿ. ದಪ್ಪ ಅಕ್ಷರದಲ್ಲೇ ಹಾಕಿ."